ಹಾಡು ಬರೆದವರ ಹೆಸರೂ ಇರಲಿ

ಮಾನ್ಯ ಸಂಪಾದಕರೇ,

ಅಮೆರಿಕದ ಕಪ್ಪು ಜನರ ಸೋಲ್ ಸಂಗೀತದ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನದಲ್ಲಿ ‘ರೆಸ್ಪೆಕ್ಟ್’ ಹಾಡಿಗೆ ಗಾಯಕಿ ಅರೀಥಾ ಫ್ರಾಂಕ್ಲಿನ್ ಹೆಸರು ಮಾತ್ರ ಇದೆ, ಅದನ್ನು ಬರೆದ ಓಟಿಸ್ ರೆಡ್ಡಿಂಗ್ ಹೆಸರೇ ಇಲ್ಲ. 1965ರಲ್ಲಿ ಅದನ್ನು ಬರೆದು ಮೊದಲು ಹಾಡಿದ್ದು ಅವರೇ. ಅರೀಥಾ 1967ರಲ್ಲಿ ಅದೇ ಹಾಡನ್ನು ಹೆಣ್ಣಿನ ಮಾತಾಗಿ ತಿರುಗಿಸಿ ಗೆದ್ದರು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಓಟಿಸ್ ಸುಮ್ನೆ ಒಬ್ಬ ಗಾಯಕರಲ್ಲ. 1962ರಲ್ಲಿ ಬೇರೊಬ್ಬ ಗಿಟಾರ್ ವಾದಕನನ್ನು ಕಾರಿನಲ್ಲಿ ಮೆಂಫಿಸ್‌ನ ಸ್ಟ್ಯಾಕ್ಸ್ ಸ್ಟುಡಿಯೊಗೆ ಕರೆದುಕೊಂಡು ಬಂದವರು, ರೆಕಾರ್ಡಿಂಗ್ ಮುಗಿದು ಉಳಿದ ಸ್ವಲ್ಪ ಹೊತ್ತಿನಲ್ಲಿ ತಾವೇ ಬರೆದ ಹಾಡು ಹಾಡಿದರು, ಅಲ್ಲಿಂದಲೇ ಅವರ ದಾರಿ ತೆರೆಯಿತು. ಸ್ಟ್ಯಾಕ್ಸ್‌ನ ಗಿಟಾರ್ ವಾದಕ ಸ್ಟೀವ್ ಕ್ರಾಪರ್ ಜೊತೆ ಬರೆದ ‘ಡಾಕ್ ಆಫ್ ದ ಬೇ’ ಹಾಡು 1968ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಕೊನೆಯಲ್ಲಿ ಅವರು ಹಾಕುವ ಸಿಳ್ಳೆ ಕೇಳಿದ್ದೀರಲ್ವಾ? ಅದನ್ನು ರೆಕಾರ್ಡ್ ಮಾಡಿದ ಕೆಲವೇ ದಿನಕ್ಕೆ, 1967ರ ಡಿಸೆಂಬರ್ 10ರಂದು, ವಿಮಾನ ಅಪಘಾತದಲ್ಲಿ ತೀರಿಕೊಂಡರು. ಆಗ ವಯಸ್ಸು ಬರೀ 26.

ನಮ್ಮ ಆಕಾಶವಾಣಿಯವರು ಹಾಡು ಹಾಕುವಾಗ ಸಾಹಿತ್ಯ, ಸಂಗೀತ, ಗಾಯನ ಅಂತ ಎಲ್ಲರ ಹೆಸರೂ ಹೇಳುತ್ತಾರೆ. ಪತ್ರಿಕೆಗೆ ಅದೇನು ಕಷ್ಟ? ಇನ್ನು ಮುಂದೆ ಯಾವ ಭಾಷೆಯ ಹಾಡಿನ ಬಗ್ಗೆ ಬರೆದರೂ ಹಾಡಿದವರ ಪಕ್ಕದಲ್ಲೇ ಬರೆದವರ ಹೆಸರನ್ನೂ ಹಾಕಿ.

– ಒಬ್ಬ ಓದುಗ, ಮೈಸೂರು