ಬಾಂಬು ಸಿಡಿದ ಮೇಲಿನ ಕಥೆ

ಮಾನ್ಯರೇ,

ಕದ್ದೊಯ್ದ ಅಣುಬಾಂಬುಗಳನ್ನು ಬೆನ್ನಟ್ಟುವ ಸೇನಾ ಸಾಹಸಚಿತ್ರಗಳನ್ನು ನಮ್ಮ ಗಡಿನಾಡಿನ ಯುವಕರು ಆಸಕ್ತಿಯಿಂದ ನೋಡುತ್ತಾರೆ, ನಾನೂ ನೋಡುತ್ತೇನೆ. 1996ರ ‘ಬ್ರೋಕನ್ ಆ್ಯರೋ’ ಚಿತ್ರದಲ್ಲಿ ಹಳೆಯ ತಾಮ್ರದ ಗಣಿಯೊಳಗೆ ಬಾಂಬೊಂದು ಸಿಡಿದರೂ ನಾಯಕ, ನಾಯಕಿ ಪಾರಾಗುತ್ತಾರೆ, ಕಥೆ ಮುಂದೋಡುತ್ತದೆ. ಅಲ್ಲಿನ ಮಣ್ಣು, ನೀರು ಏನಾಯಿತೆಂದು ಯಾರೂ ಕೇಳುವುದಿಲ್ಲ.

ನಿಜಜೀವನದಲ್ಲಿ ನಡೆದದ್ದನ್ನು ನೋಡಿ. 1966ರ ಜನವರಿಯಲ್ಲಿ ಸ್ಪೇನಿನ ಪಾಲೊಮಾರೆಸ್ ಹಳ್ಳಿಯ ಮೇಲೆ ಅಮೆರಿಕದ ಬಾಂಬರ್ ವಿಮಾನವು ಇಂಧನ ತುಂಬಿಸುವ ವಿಮಾನಕ್ಕೆ ಡಿಕ್ಕಿ ಹೊಡೆದು 4 ಹೈಡ್ರೋಜನ್ ಬಾಂಬುಗಳು ಬಿದ್ದವು. ಅಣುಸ್ಫೋಟ ಆಗದಿದ್ದರೂ ಎರಡು ಬಾಂಬುಗಳ ಸಾಮಾನ್ಯ ಸ್ಫೋಟಕ ಸಿಡಿದು ಹೊಲಗಳ ಮೇಲೆ ವಿಕಿರಣ ಸೂಸುವ ಪ್ಲುಟೋನಿಯಂ ಹರಡಿತು. ಸಮುದ್ರಕ್ಕೆ ಬಿದ್ದ ಬಾಂಬನ್ನು ಮೇಲೆತ್ತಲು ಎರಡೂವರೆ ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು. ಹೊಲದ ಮಣ್ಣನ್ನೇ ಅಗೆದು ಪೀಪಾಯಿಗಳಲ್ಲಿ ತುಂಬಿ ಅಮೆರಿಕಕ್ಕೆ ಸಾಗಿಸಬೇಕಾಯಿತು.

ನಮ್ಮ ಕಾಸರಗೋಡಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುವುದು ನಿಂತು ಎರಡು ದಶಕಗಳು ಕಳೆದರೂ ಎಣ್ಮಕಜೆಯಂತಹ ಊರುಗಳಲ್ಲಿ ಹಾಸಿಗೆ ಹಿಡಿದವರಿದ್ದಾರೆ. ಕೀಟನಾಶಕ ಬೇರೆ, ವಿಕಿರಣ ಬೇರೆ, ನಿಜ. ಆದರೆ ಆಕಾಶದಿಂದ ಬಿದ್ದ ವಿಷ ಊರನ್ನು ಬಿಟ್ಟುಹೋಗುವುದಿಲ್ಲ ಎಂಬುದನ್ನು ನಾವು ಕಣ್ಣಾರೆ ಕಂಡವರು. ಆದ್ದರಿಂದ ಇಂತಹ ಚಿತ್ರಗಳ ವಿಮರ್ಶೆ ಪ್ರಕಟಿಸುವಾಗ ಸಾಹಸದೃಶ್ಯಗಳನ್ನಷ್ಟೇ ಹೊಗಳದೆ, ತೆರೆಯ ಮೇಲೆ ಬಾರದ ಈ ಪರಿಣಾಮಗಳನ್ನೂ ತಮ್ಮ ಪತ್ರಿಕೆ ಓದುಗರ ಮುಂದಿಡಬೇಕೆಂದು ವಿನಂತಿಸುತ್ತೇನೆ.

– ಓರ್ವ ಓದುಗ, ಪೆರ್ಲ, ಕಾಸರಗೋಡು ಜಿಲ್ಲೆ