ಇಡ್ಲಿಗೂ ಹೆಣ್ಣು–ಗಂಡು ಇದೆ

ಮಾಟುಂಗ, ಮುಂಬಯಿ

ಪ್ರೀತಿಯ ತಂಗೀ,

ಮೂಕಿ ಚಿತ್ರಗಳ ಕಾಲದ ನಟಿ ಸುಲೋಚನಾ ಬಗ್ಗೆ ನೀನು ಬರೆದ ಲೇಖನ ಓದಿದೆ. ರಾತ್ರಿ ಒಂದು ಸಲ, ಬೆಳಿಗ್ಗೆ ಕಾಫಿ ಜೊತೆ ಇನ್ನೊಂದು ಸಲ. ಓಡಾಡಿ ಬರೆದಿದ್ದೀಯ, ಅದು ಕಾಣುತ್ತದೆ. ಆದರೆ ‘ಕಣ್ಣಲ್ಲೇ ಮಾತಾಡುತ್ತಿದ್ದ ಚೆಲುವೆ’ ಅಂತ ಮೂರು ಕಡೆ ಇದೆ. ಆ ಕಾಲದ ಮೂಕಿ ಚಿತ್ರಗಳಲ್ಲಿ ಹೆಚ್ಚಿನವು ಉಳಿದೇ ಇಲ್ಲ. ಆ ಕಣ್ಣನ್ನು ನೀನು ಎಲ್ಲಿ ನೋಡಿದೆ ಮಾರಾಯ್ತಿ? ನಾನೂ ಒಮ್ಮೆ ನೋಡದ ನಾಟಕದ ಬಗ್ಗೆ ಪುಟಗಟ್ಟಲೆ ಬರೆದಿದ್ದೆ. ಸಂಪಾದಕರು ‘ನಾಟಕ ಎಷ್ಟು ಗಂಟೆಗೆ ಮುಗಿಯಿತು?’ ಅಂತಷ್ಟೇ ಕೇಳಿದರು.

ಒಳ್ಳೆಯದು ನಿನ್ನ ಮೊದಲ ಪುಟದಲ್ಲೇ ಇದೆ. ಅದನ್ನು ಒಂದೇ ಸಾಲಲ್ಲಿ ದಾಟಿಬಿಟ್ಟಿದ್ದೀಯ. 1907ರಲ್ಲಿ ಪುಣೆಯಲ್ಲಿ ಹುಟ್ಟಿದ ರೂಬಿ ಮೈಯರ್ಸ್, ಬಾಗ್ದಾದಿ ಯಹೂದಿ ಮನೆತನದ ಹುಡುಗಿ, ಸಿನಿಮಾಕ್ಕೆ ಬಂದು ಸುಲೋಚನಾ ಆಗುವ ಮುಂಚೆ ಟೆಲಿಫೋನ್ ಆಪರೇಟರ್ ಆಗಿದ್ದಳು. ಮುಖ ಕಾಣದ, ಬರೀ ದನಿಯ ಕೆಲಸ. ಕೋಹಿನೂರ್ ಫಿಲ್ಮ್ ಕಂಪನಿಗೆ ನಿರ್ದೇಶಕ ಮೋಹನ್ ಭವನಾನಿ ಕರೆತಂದ ಮೇಲೆ ದನಿ ಬೇಡ, ಬರೀ ಮುಖ. 1931ರಲ್ಲಿ ಟಾಕಿ, ಅಂದರೆ ಮಾತಾಡುವ ಸಿನಿಮಾ, ಬಂತು. ಮತ್ತೆ ದನಿ ಬೇಕಾಯಿತು, ಅದೂ ಹಿಂದೂಸ್ತಾನಿಯಲ್ಲಿ. ಆಕೆಗೆ ಅದು ಸರಿಯಾಗಿ ಬರುತ್ತಿರಲಿಲ್ಲ. ನಮ್ಮ ಮೊದಲ ಟಾಕಿ ‘ಆಲಂ ಆರಾ’ದ ನಾಯಕಿಯ ಪಾತ್ರ ಜುಬೇದಾ ಪಾಲಾಯಿತು.

ಸುಲೋಚನಾ ಒಂದು ವರ್ಷ ಕೂತು ಭಾಷೆ ಕಲಿತಳು. 1932ರ ‘ಮಾಧುರಿ’ಯಲ್ಲಿ ಮಾತಾಡಿದಳು. ಇಲ್ಲಿ ನಿಲ್ಲು, ಅವಸರ ಬೇಡ. ನಮ್ಮವರಿಗೆ ಆ ವರ್ಷ ಚೆನ್ನಾಗಿ ಅರ್ಥವಾಗುತ್ತದೆ. ಊರಿಂದ ಬಂದ ಹೊಸತರಲ್ಲಿ ನಾನು ಹೋಟೆಲಿನಲ್ಲಿ ‘ಇಡ್ಲಿ ಖತಮ್ ಹೋ ಗಯಾ’ ಅಂದಾಗ ಗಿರಾಕಿ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. ಇಡ್ಲಿಗೂ ಹೆಣ್ಣು–ಗಂಡು ಇದೆ ಅಂತ ಯಾರಿಗೆ ಗೊತ್ತಿತ್ತು? ನನ್ನನ್ನು ನೋಡಿ ನಕ್ಕವನು ಒಬ್ಬ. ಆಕೆಗೆ ಊರೆಲ್ಲ ಪ್ರೇಕ್ಷಕರು.

ತಿಂಗಳಿಗೆ 5000 ರೂಪಾಯಿ, ಗವರ್ನರಿಗಿಂತ ಜಾಸ್ತಿ ಸಂಬಳ ಅನ್ನುವ ಮಾತು ಎಲ್ಲರೂ ಬರೆಯುವಂಥದ್ದು. ಬಿಟ್ಟರೂ ನಷ್ಟವಿಲ್ಲ. ಅದರ ಬದಲು 1927ರ ‘ವೈಲ್ಡ್‌ಕ್ಯಾಟ್ ಆಫ್ ಬಾಂಬೆ’ಯ ಎಂಟು ವೇಷಗಳನ್ನು ಹೆಸರಿಸು. ಪೊಲೀಸ್, ಹೈದರಾಬಾದಿ ಸಾಹೇಬ, ಬಾಳೆಹಣ್ಣು ಮಾರುವವಳು... ಹೆಸರಿಸಿದರೆ ಸಾಕು, ವರ್ಣನೆ ಬೇಡ.

ಕೊನೆಯ ಪುಟದಲ್ಲಿ ‘ಪಾಪ’ ಅನ್ನುವ ಪದ ಹೊಡೆದುಹಾಕಿದ್ದೇನೆ. 1928ರ ಸಿನಿಮಾದಲ್ಲೂ 1935ರದ್ದರಲ್ಲೂ ಆಕೆ ಮೊಗಲ್ ರಾಜಕುಮಾರ ಸಲೀಮನ ಪ್ರೇಯಸಿ ಅನಾರ್ಕಲಿ. 1953ರಲ್ಲಿ ಅದೇ ಕಥೆ ಮತ್ತೆ ಬಂದಾಗ ಸಲೀಮನ ತಾಯಿ. ಇಷ್ಟು ಬರೆದು ಸುಮ್ಮನಿರು. ಅನುಕಂಪ ಯಾಕೆ? ಆಕೆ ಆಗಲೂ ಬಣ್ಣ ಹಚ್ಚಿಕೊಂಡು ದುಡಿಯುತ್ತಿದ್ದಳು, ಅಲ್ವಾ? 1973ರ ಫಾಲ್ಕೆ ಪ್ರಶಸ್ತಿಗೆ ಒಂದು ಸಾಲು ಸಾಕು.

ನೀನಿರುವುದು ಪುಣೆಯಲ್ಲೇ. ಲಾ ಕಾಲೇಜು ರಸ್ತೆಯ ಫಿಲ್ಮ್ ಆರ್ಕೈವ್‌ಗೆ ಹೋಗಿ ಆಕೆಯ ಹಳೆಯ ಫೋಟೋಗಳಿದ್ದರೆ ತೋರಿಸಿ ಅಂತ ಕೇಳು. ಸಿಕ್ಕರೆ ಒಂದೇ ಫೋಟೋದ ಮುಂದೆ ಅರ್ಧ ಗಂಟೆ ಕೂರು. ಕೈ ಎಲ್ಲಿಟ್ಟಿದ್ದಾಳೆ, ಸೆರಗು ಹೇಗಿದೆ, ಬರೆದುಕೊಂಡು ಬಾ. ಆಮೇಲೆ ಎರಡನೇ ಕರಡು ಕಳಿಸು. ಈ ಸಲ ಅಕ್ಷರ ಸ್ವಲ್ಪ ದೊಡ್ಡದಿರಲಿ, ನನ್ನ ಕನ್ನಡಕದ ನಂಬರ್ ಏರಿದೆ.

ನಿನ್ನ,
ಮಾಟುಂಗದ ಅಣ್ಣ