ಹಲ್ಲಿನ ಪಾಠವೇ ಇಲ್ಲದ ದಂತ ವೈದ್ಯಕೀಯ ಪ್ರವೇಶ ಪರೀಕ್ಷೆ

ಸಂಪಾದಕರಿಗೆ,

ಮಾನ್ಯರೇ,

ಕಳೆದ ತಿಂಗಳು ಹಲ್ಲುನೋವೆಂದು ನನ್ನ ಕ್ಲಿನಿಕ್ಕಿಗೆ ಬಂದ ದ್ವಿತೀಯ ಪಿಯುಸಿ ವಿದ್ಯಾರ್ಥಿನಿಯೊಬ್ಬಳು ಕುರ್ಚಿಯಲ್ಲಿ ಒರಗಿದ ಮೇಲೂ ಜೀವಶಾಸ್ತ್ರದ ಪುಸ್ತಕವನ್ನು ಮಡಿಲಿನಿಂದ ಇಳಿಸಿರಲಿಲ್ಲ. ನೀಟ್‌ಗೆ ಓದುತ್ತಿದ್ದಾಳೆ ಎಂದ ಅವಳ ತಾಯಿ, ಇಪ್ಪತ್ತು ವರ್ಷಗಳಿಂದ ನಾನು ಕೇಳುತ್ತಲೇ ಬಂದಿರುವ ಮಾತನ್ನೂ ಸೇರಿಸಿದರು: ‘ಮೆಡಿಕಲ್ ಆಗದಿದ್ದರೆ ಕೊನೇಪಕ್ಷ ಡೆಂಟಲ್ ಆದರೂ ಸಿಗಲಿ, ಮೇಡಂ.’ ಯಾರ ಮುಂದೆ ಹೇಳುತ್ತಿದ್ದೇನೆ ಎಂಬುದು ಹೊಳೆದದ್ದೇ ತಡ, ಪಾಪ, ಅವರು ನಾಲಿಗೆ ಕಚ್ಚಿಕೊಂಡರು. ವಾತಾವರಣ ತಿಳಿಯಾಗಲೆಂದು ನಾನು ಹುಡುಗಿಗೆ ‘ದೊಡ್ಡವರ ಬಾಯಲ್ಲಿ ಎಷ್ಟು ಹಲ್ಲಿರಬೇಕಮ್ಮ?’ ಎಂದು ಕೇಳಿದೆ. ‘32’ ಎಂದವಳು, ‘ಆದರೆ ಅದು ಈಗ ಸಿಲಬಸ್‌ನಲ್ಲಿ ಇಲ್ಲ, ಮೇಡಂ’ ಎಂದಳು.

ಅವಳು ಹೇಳಿದ್ದು ನಿಜವೇ ಆಗಿತ್ತು. ಎನ್‌ಸಿಇಆರ್‌ಟಿಯ ಹನ್ನೊಂದನೇ ತರಗತಿಯ ಜೀವಶಾಸ್ತ್ರದಲ್ಲಿ ಮೊದಲು ಜೀರ್ಣಕ್ರಿಯೆಯ ಕುರಿತು ಒಂದು ಅಧ್ಯಾಯವಿತ್ತು. ಹಲ್ಲು ದವಡೆಯ ಗುಳಿಯಲ್ಲಿ ನೆಟ್ಟಿರುತ್ತದೆ, ಮನುಷ್ಯನಿಗೆ ಜೀವಮಾನದಲ್ಲಿ ಎರಡು ಸಲ ಹಲ್ಲು ಮೂಡುತ್ತದೆ, ಬಾಚಿಹಲ್ಲು, ಕೋರೆಹಲ್ಲು, ಮುಂದವಡೆ ಹಲ್ಲು, ದವಡೆ ಹಲ್ಲು ಎಂದು ನಾಲ್ಕು ಬಗೆಗಳಿವೆ, ಪ್ರತಿ ದವಡೆಯ ಅರ್ಧ ಭಾಗದಲ್ಲಿ ಅವು ಕ್ರಮವಾಗಿ 2, 1, 2, 3 ಇರುವುದರಿಂದ ಅವುಗಳ ಸೂತ್ರ 2123 ಎಂಬ ಸಂಗತಿಗಳೆಲ್ಲ ಇದ್ದದ್ದು ಅಲ್ಲಿಯೇ. ಕೋವಿಡ್ ನಂತರ ಪಠ್ಯದ ಹೊರೆ ತಗ್ಗಿಸುವ ಹೆಸರಿನಲ್ಲಿ ಆ ಅಧ್ಯಾಯವನ್ನು ಇಡಿಯಾಗಿ ಕೈಬಿಡಲಾಯಿತು; 2024ರ ನೀಟ್ ಪಠ್ಯಕ್ರಮದಿಂದಲೂ ಅದು ಮಾಯವಾಯಿತು. ಪ್ರಾಣಿಗಳ ವರ್ಗೀಕರಣದ ಪಾಠದಲ್ಲಿ ಶಾರ್ಕ್ ಮುಂತಾದ ಮೀನುಗಳ ಹಲ್ಲುಗಳು ಹಿಂದಕ್ಕೆ ಬಾಗಿರುತ್ತವೆ ಎಂಬ ಸಾಲು ಮಾತ್ರ ಹಾಗೆಯೇ ಉಳಿದಿದೆ. ಅಂದರೆ ದಂತವೈದ್ಯರಾಗಲು ಹೊರಟ ನಮ್ಮ ಮಕ್ಕಳು ಇಂದು ಶಾರ್ಕಿನ ಹಲ್ಲನ್ನು ಓದುತ್ತಾರೆ, ಮನುಷ್ಯನ ಹಲ್ಲನ್ನು ಓದುವುದಿಲ್ಲ.

ನೀಟ್ ದಂತ ವೈದ್ಯಕೀಯಕ್ಕೆಂದೇ ಇರುವ ಪರೀಕ್ಷೆಯಲ್ಲ, ಎಂಬಿಬಿಎಸ್, ಬಿಡಿಎಸ್, ಆಯುಷ್ ಎಲ್ಲಕ್ಕೂ ಒಂದೇ ಬಾಗಿಲು ಎಂಬುದು ನನಗೆ ಗೊತ್ತಿದೆ. ಒಂದು ಅಧ್ಯಾಯ ಹೋದ ಮಾತ್ರಕ್ಕೆ ಮುಂದೆ ಒಳ್ಳೆಯ ದಂತವೈದ್ಯರು ತಯಾರಾಗುವುದಿಲ್ಲ ಎಂದು ವಾದಿಸುವವಳೂ ನಾನಲ್ಲ. ಬಿಡಿಎಸ್ ಮೊದಲ ವರ್ಷದಲ್ಲಿ ಅದನ್ನೆಲ್ಲ ಬುಡದಿಂದ ಹೇಳಿಕೊಡುತ್ತಾರೆ. ನನ್ನನ್ನು ಕಾಡುವ ಸಂಗತಿಯೆಂದರೆ, ಎರಡು ವರ್ಷ, ಕೆಲವರ ಪಾಲಿಗೆ ಮೂರು ನಾಲ್ಕು ವರ್ಷ, ಹಗಲಿರುಳು ನಡೆಯುವ ಈ ತಯಾರಿಯಲ್ಲಿ ತಾವು ಮುಂದೆ ಮಾಡಬೇಕಾದ ಕೆಲಸದ ಒಂದು ಎಳೆಯೂ ಮಕ್ಕಳ ಕೈಗೆ ತಾಕುವುದಿಲ್ಲ ಎಂಬುದು.

ತಯಾರಿ ಹೇಗೆ ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ಬಲ್ಲೆ. ನನ್ನ ಅಣ್ಣನ ಮಗ ಕಳೆದ ವರ್ಷ ನಮ್ಮ ಮನೆಯಲ್ಲೇ ಇದ್ದು ಓದಿದ. 180 ನಿಮಿಷಗಳಲ್ಲಿ 180 ಪ್ರಶ್ನೆ, 720 ಅಂಕ. ಅದರಲ್ಲಿ ಅರ್ಧ, ಅಂದರೆ 360 ಅಂಕ, ಜೀವಶಾಸ್ತ್ರದ್ದು. ಇಬ್ಬರಿಗೆ ಸಮಾನ ಅಂಕ ಬಂದರೆ ಮೊದಲು ನೋಡುವುದೂ ಜೀವಶಾಸ್ತ್ರದ ಅಂಕವನ್ನೇ. ಆದ್ದರಿಂದ ಎನ್‌ಸಿಇಆರ್‌ಟಿ ಪುಸ್ತಕದ ಸಾಲು ಸಾಲನ್ನೂ, ಚಿತ್ರದ ಕೆಳಗಿನ ಬರಹವನ್ನೂ ಬಿಡದೆ ಬಾಯಿಪಾಠ ಮಾಡುತ್ತಾರೆ. ಜೀವಶಾಸ್ತ್ರವನ್ನು ಮುಕ್ಕಾಲು ಗಂಟೆಯಲ್ಲಿ ಮುಗಿಸಿ ಉಳಿದ ಸಮಯವನ್ನು ಭೌತಶಾಸ್ತ್ರಕ್ಕೆ ಕೂಡಿಡುವುದನ್ನು ರೂಢಿಸಿಕೊಳ್ಳುತ್ತಾರೆ. ಸರಿಯುತ್ತರಕ್ಕೆ 4, ತಪ್ಪಿದರೆ ಕಳೆತ 1. ‘ಗೊತ್ತಿಲ್ಲದ್ದನ್ನು ಮುಟ್ಟಬೇಡ’ ಎಂದು ಕೋಚಿಂಗಿನಲ್ಲಿ ಹೆದರಿಸುತ್ತಾರೆ. ಲೆಕ್ಕ ಹಾಕಿದರೆ ನಾಲ್ಕು ಆಯ್ಕೆಗಳಲ್ಲಿ ಎರಡನ್ನು ಖಚಿತವಾಗಿ ತಳ್ಳಿಹಾಕಲು ಸಾಧ್ಯವಾದವನಿಗೆ ಊಹಿಸಿ ಬರೆಯುವುದೇ ಲಾಭ, ಏಕೆಂದರೆ ಅಂತಹ ಪ್ರಶ್ನೆಗೆ ಸರಾಸರಿ ಒಂದೂವರೆ ಅಂಕ ಸಿಗುತ್ತದೆ. ಇದನ್ನು ಹುಡುಗನಿಗೆ ಕಾಗದದ ಮೇಲೆ ಬಿಡಿಸಿ ತೋರಿಸಿದ ಮೇಲೆಯೇ ಅವನ ಭಯ ಸ್ವಲ್ಪ ಇಳಿದದ್ದು. ಇವೆಲ್ಲ ಬೇಕಾದ ಅಭ್ಯಾಸಗಳೇ, ಬೇಡ ಎನ್ನುವುದಿಲ್ಲ. ಆದರೆ ಇಷ್ಟೆಲ್ಲದರ ನಡುವೆ ಅವನ ಕೈಗೆ ಸಿಕ್ಕ ಕೆಲಸವೆಂದರೆ ಕಪ್ಪು ಬಾಲ್‌ಪಾಯಿಂಟ್ ಪೆನ್ನಿನಿಂದ ಒಎಂಆರ್ ಹಾಳೆಯ ವೃತ್ತಗಳನ್ನು ತುಂಬುವುದೊಂದೇ.

ದಂತ ವೈದ್ಯಕೀಯ ಮೊದಲು ಕೈಯ ವಿದ್ಯೆ. ತೊಂಬತ್ತರ ದಶಕದ ಕೊನೆಯಲ್ಲಿ ಸಿಇಟಿ ಬರೆದು, ಮೆಡಿಕಲ್ ಸೀಟು ತಪ್ಪಿ, ಅಳುತ್ತಲೇ ಬಿಡಿಎಸ್ ಸೇರಿದವಳು ನಾನು; ಹಾಗಾಗಿ ‘ಕೊನೇಪಕ್ಷ ಡೆಂಟಲ್’ ಎಂಬ ಮಾತಿಗೆ ಸಿಟ್ಟು ಮಾಡಿಕೊಳ್ಳುವ ಹಕ್ಕು ನನಗೆ ಅಷ್ಟಾಗಿ ಇಲ್ಲ. ಕಾಲೇಜು ಸೇರಿದ ಕೆಲವೇ ದಿನಗಳಲ್ಲಿ ನಮ್ಮ ಮುಂದೆ ಮೇಣದ ಪುಟ್ಟ ಇಟ್ಟಿಗೆಯೊಂದನ್ನು ಇಟ್ಟು, ಒಂದು ಕೆತ್ತುವ ಚಾಕು ಕೊಟ್ಟು, ಮೇಲ್ದವಡೆಯ ನಡುವಿನ ಬಾಚಿಹಲ್ಲನ್ನು ಅಳತೆಗೆ ಸರಿಯಾಗಿ ಕೆತ್ತಲು ಹೇಳಿದರು. ರ‍್ಯಾಂಕ್ ಬಂದ ಜಾಣರೆಲ್ಲ ಅಲ್ಲಿ ಪೆಚ್ಚಾದರು. ಅರ್ಧ ಮಿಲಿಮೀಟರ್ ಹೆಚ್ಚು ಕೆರೆದರೆ ಮೇಣ ಮರಳಿ ಬರುವುದಿಲ್ಲ, ಹೊಸ ತುಂಡು ತೆಗೆದುಕೊಳ್ಳಬೇಕು. ನನ್ನ ಪಕ್ಕದಲ್ಲಿ ಕೂರುತ್ತಿದ್ದ, ಮರಗೆಲಸದವರ ಮನೆಯಿಂದ ಬಂದ ಹುಡುಗ ಎರಡನೆಯ ಯತ್ನಕ್ಕೇ ಹಲ್ಲನ್ನು ಮೂಡಿಸಿಬಿಟ್ಟ. ನನಗೆ ಒಂಬತ್ತು ತುಂಡು ಬೇಕಾದವು. ಆಮೇಲೆ ಬಂದದ್ದು ಕನ್ನಡಿ. ಮೇಲ್ದವಡೆಯ ಹಿಂದಿನ ಹಲ್ಲುಗಳನ್ನು ನೇರವಾಗಿ ನೋಡಲಾಗುವುದಿಲ್ಲ, ಚಮಚದಷ್ಟು ಚಿಕ್ಕ ಕನ್ನಡಿಯಲ್ಲಿ ತಿರುಗುಮುರುಗಾಗಿ ಕಾಣುವ ಬಿಂಬವನ್ನು ನೋಡುತ್ತಲೇ ಕೈ ನಡೆಸಬೇಕು. ಕೈ ಪಳಗುವವರೆಗೆ ಎಡಕ್ಕೆ ಹೋಗಬೇಕಾದದ್ದು ಬಲಕ್ಕೆ ಹೋಗುತ್ತಲೇ ಇರುತ್ತದೆ. ಇದು ಕಲಿಕೆಯಿಂದ ಬರುವಂಥದ್ದೇ, ಹುಟ್ಟಿನಿಂದ ಬರಬೇಕೆಂದಿಲ್ಲ. ಆದರೆ ಕಲಿಯುವ ಮನಸ್ಸು ಇದೆಯೇ ಎಂಬುದು ಸೀಟು ಪಡೆಯುವ ಮೊದಲೇ ತಿಳಿದಿದ್ದರೆ ನಾನು ಆರು ತಿಂಗಳು ಹಾಸ್ಟೆಲಿನಲ್ಲಿ ಅಳುತ್ತಿರಲಿಲ್ಲ.

ಅಮೆರಿಕದಲ್ಲಿ ನೆಲೆಸಿರುವ ನನ್ನ ಸಹಪಾಠಿಯ ಮಗ ಈಗ ಅಲ್ಲಿನ ದಂತ ಕಾಲೇಜಿಗೆ ಸಿದ್ಧನಾಗುತ್ತಿದ್ದಾನೆ. ಅಲ್ಲಿ ಅದಕ್ಕೆ ಡಿಎಟಿ ಎಂಬ ಪರೀಕ್ಷೆಯೇ ಬೇರೆ ಇದೆ. ಜೀವಶಾಸ್ತ್ರ, ರಸಾಯನಶಾಸ್ತ್ರಗಳ ಜೊತೆಗೆ ಆಕಾರಗಳನ್ನು ಕಣ್ಣಳತೆಯಲ್ಲೇ ಗ್ರಹಿಸುವ ಶಕ್ತಿಯನ್ನು ಅಳೆಯುವ ವಿಭಾಗವೊಂದು ಅದರಲ್ಲಿದ್ದು, 60 ನಿಮಿಷಗಳಲ್ಲಿ 90 ಪ್ರಶ್ನೆಗಳಿಗೆ ಉತ್ತರಿಸಬೇಕು: ಮಡಿಸಿ ತೂತು ಹೊಡೆದ ಕಾಗದವನ್ನು ಬಿಡಿಸಿದರೆ ತೂತುಗಳು ಎಲ್ಲೆಲ್ಲಿ ಕಾಣುತ್ತವೆ, ಒಂದೇ ಬಗೆಯಾಗಿ ಕಾಣುವ ನಾಲ್ಕು ಕೋನಗಳಲ್ಲಿ ಕಿರಿದು ಯಾವುದು ಎಂಬಂತಹವು. ಕೆನಡಾದಲ್ಲಿ ಒಂದು ಕಾಲಕ್ಕೆ ಅಭ್ಯರ್ಥಿಗಳಿಂದ ಸಾಬೂನಿನ ತುಂಡನ್ನೇ ಕೆತ್ತಿಸುತ್ತಿದ್ದರು. ಅಮೆರಿಕದಲ್ಲಿ ದಂತ ಕಾಲೇಜಿಗೆ ಅರ್ಜಿ ಹಾಕುವವರು ಅದಕ್ಕೂ ಮೊದಲೇ ದಂತವೈದ್ಯರ ಬಳಿ ಹಲವು ಗಂಟೆ ನಿಂತು ಕೆಲಸ ನೋಡಿರುವುದು ವಾಡಿಕೆ. ಲಕ್ಷಗಟ್ಟಲೆ ಮಕ್ಕಳು ಬರೆಯುವ ನಮ್ಮ ಪರೀಕ್ಷೆಯಲ್ಲಿ ಸಾಬೂನು ಕೆತ್ತಿಸಲಾಗದು, ಒಪ್ಪುತ್ತೇನೆ. ಆದರೆ ಪಕ್ಕದ ಬೀದಿಯ ದಂತವೈದ್ಯರ ಬಳಿ ಮೂರು ದಿನ ಕುಳಿತು ನೋಡುವುದಕ್ಕೆ ಯಾವ ಆಯೋಗದ ಸುತ್ತೋಲೆಯೂ ಬೇಕಿಲ್ಲ.

ನೋಡದೆ ಆರಿಸಿದ್ದರ ಫಲವನ್ನು ನಾವು ಕಂಡಿದ್ದೇವೆ. 2020–21ನೇ ಸಾಲಿನಲ್ಲಿ ದೇಶದಾದ್ಯಂತ ಸುಮಾರು 7,000 ಬಿಡಿಎಸ್ ಸೀಟುಗಳು ಭರ್ತಿಯಾಗದೆ ಉಳಿದು, 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅರ್ಹತಾ ಪರ್ಸೆಂಟೈಲನ್ನು 10ರಷ್ಟು ಇಳಿಸಲು ಆದೇಶಿಸಬೇಕಾಯಿತು. ಶುಲ್ಕ, ಉದ್ಯೋಗ ಹೀಗೆ ಅದಕ್ಕೆ ಕಾರಣಗಳು ಹಲವು. ಮನಸ್ಸಿಲ್ಲದೆ ಸೇರಿ, ಮೊದಲ ವರ್ಷ ಪೂರ್ತಿ ಹಾಸಿಗೆಯ ಕೆಳಗೆ ನೀಟ್ ಪುಸ್ತಕ ಬಚ್ಚಿಟ್ಟುಕೊಂಡು ಓದಿ, ಕಡೆಗೆ ಎರಡೂ ಕಡೆ ಸಲ್ಲದೆ ಹೋದ ಮಕ್ಕಳು ನನ್ನ ಪರಿಚಯದಲ್ಲೇ ಮೂವರಿದ್ದಾರೆ.

ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೂ ಇಲ್ಲಿ ಒಂದು ಮಾತು ಹೇಳಬೇಕು. 2017ರಿಂದ ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತಿದೆ. ಅನುವಾದದಲ್ಲಿ ಗೊಂದಲವಾದರೆ ಇಂಗ್ಲಿಷ್ ಆವೃತ್ತಿಯೇ ಅಂತಿಮ ಎಂಬ ನಿಯಮವಿರುವುದರಿಂದ ಎರಡನ್ನೂ ಜೋಡಿಸಿ ಓದುವ ಅಭ್ಯಾಸವನ್ನು ಮೊದಲಿನಿಂದಲೇ ಮಾಡಿಕೊಳ್ಳುವುದು ಕ್ಷೇಮ. ಆದರೆ ತಮ್ಮ ಕನ್ನಡವನ್ನು ಅವರು ಕೊರತೆಯೆಂದು ಎಣಿಸಬಾರದು. ರೋಗಿ ಬಂದು ‘ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ, ಆಮೇಲೆ ಏನೂ ಇಲ್ಲ’ ಎಂದರೆ ಒಂದು ಚಿಕಿತ್ಸೆ. ‘ರಾತ್ರಿ ಮಲಗಿದರೆ ಕಿವಿಯವರೆಗೂ ಸೆಳೆಯುತ್ತದೆ, ಸಿಡಿಯುತ್ತದೆ’ ಎಂದರೆ ಹಲ್ಲಿನ ಒಳಗಿನ ನರಕ್ಕೇ ಪೆಟ್ಟು ಬಿದ್ದಿರುವ ಶಂಕೆ, ಚಿಕಿತ್ಸೆಯೇ ಬೇರೆ. ಜುಮ್ಮೆನ್ನುವುದಕ್ಕೂ ಸೆಳೆಯುವುದಕ್ಕೂ ಇರುವ ವ್ಯತ್ಯಾಸವನ್ನು ಯಾವ ಕೋಚಿಂಗೂ ಕಲಿಸುವುದಿಲ್ಲ.

ನೀಟ್ ಪಠ್ಯಕ್ರಮವನ್ನು ಪ್ರಕಟಿಸುವುದು ರಾಷ್ಟ್ರೀಯ ವೈದ್ಯಕೀಯ ಆಯೋಗ. 1948ರ ದಂತವೈದ್ಯರ ಕಾಯ್ದೆಯ ಜಾಗದಲ್ಲಿ ದಂತ ಆಯೋಗ ಸ್ಥಾಪಿಸುವ ಕಾಯ್ದೆಗೆ ಸಂಸತ್ತು 2023ರಲ್ಲಿಯೇ ಒಪ್ಪಿಗೆ ಕೊಟ್ಟಿದೆ. ಪಠ್ಯಕ್ರಮವನ್ನು ಮುಂದೆ ಪರಿಷ್ಕರಿಸುವಾಗ ದಂತ ಶಿಕ್ಷಣದವರನ್ನೂ ಕೂರಿಸಿಕೊಂಡು, ಕೈಬಿಟ್ಟ ಆ ಅಧ್ಯಾಯದಲ್ಲಿ ಹಲ್ಲಿಗೆ ಸಂಬಂಧಿಸಿದ ಒಂದೆರಡು ಪುಟವನ್ನಾದರೂ ಮರಳಿ ಸೇರಿಸಬೇಕು. ಪರೀಕ್ಷೆ ಮುಗಿಯುವುದು ಮೇ ಮೊದಲ ಭಾನುವಾರದ ಹೊತ್ತಿಗೆ. ರಾಜ್ಯದ ಪರೀಕ್ಷಾ ಪ್ರಾಧಿಕಾರದ (ಕೆಇಎ) ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳನ್ನು ಆರಿಸಿ ನಮೂದಿಸುವುದು, ಶುರುವಾಗುವವರೆಗೆ ಮಕ್ಕಳು ಕೀ ಉತ್ತರ ತಾಳೆ ನೋಡುತ್ತ ಮನೆಯಲ್ಲೇ ಕೊರಗುತ್ತಿರುತ್ತಾರೆ. ಆ ದಿನಗಳಲ್ಲಿ ರಾಜ್ಯದ ದಂತ ಕಾಲೇಜುಗಳು ತಮ್ಮ ಪ್ರಯೋಗಾಲಯವನ್ನು ಒಂದು ದಿನ ತೆರೆದಿಟ್ಟು, ಬಂದವರ ಕೈಗೆ ಒಂದು ಮೇಣದ ತುಂಡು ಕೊಟ್ಟರೆ ಆಗುವ ಖರ್ಚು ಬಹಳ ಕಡಿಮೆ.

ನನ್ನ ಕ್ಲಿನಿಕ್ಕಿಗೆ ಬಂದ ಹುಡುಗಿಗೆ ಹಾಗೊಂದು ತುಂಡು ಕೊಟ್ಟು ಕಳಿಸಿದೆ. ಪರೀಕ್ಷೆ ಮುಗಿಯುವವರೆಗೆ ಮುಟ್ಟಬೇಡ ಎಂದು ಹೇಳಿದ್ದೆ. ಮುಂದಿನ ವಾರ ಹಲ್ಲು ತುಂಬಿಸಿಕೊಳ್ಳಲು ಬಂದಾಗ ಅದರ ಒಂದು ಮೂಲೆ ಆಗಲೇ ಕೆತ್ತಿಹೋಗಿತ್ತು. ಹಲ್ಲಿನಂತೆ ಏನೂ ಕಾಣುತ್ತಿರಲಿಲ್ಲ. ಇನ್ನೊಂದು ತುಂಡು ಇದೆಯೇ ಎಂದು ಕೇಳಿದಳು.

ಇತಿ,
ಒಬ್ಬ ದಂತವೈದ್ಯೆ, ಶಿವಮೊಗ್ಗ ಜಿಲ್ಲೆ